ಹನ್ನೊಂದನೇ ಕಾಲುವೆಯ ನೀರಿನ ಟೈರು

ಸುರಪುರ ಮತ್ತು ಶಹಾಪುರದ ನಡುವೆ ಹಾದುಹೋಗುವ ಹನ್ನೊಂದನೇ ವಿತರಣಾ ಕಾಲುವೆಯ ಕೊನೆಯ ಭಾಗದಲ್ಲಿ, ಕಾಲುವೆ ಕಟ್ಟಿದಂದಿನಿಂದ ಇಂದಿನವರೆಗೆ ನೀರು ನಿಗದಿತ ಪ್ರಮಾಣದಲ್ಲಿ ಹರಿಯುತ್ತಿದೆ. ಇದು ಕಾಲುವೆ ಕಚೇರಿಯ ದಾಖಲೆಗಳಿಂದ ದೃಢಪಟ್ಟ ವಿಷಯವಾದ್ದರಿಂದ ಇದರ ಬಗ್ಗೆ ಚರ್ಚೆ ಅನಗತ್ಯ. ಅದೇ ಕಾಲುವೆಯ ತಳದಲ್ಲಿ ನಮ್ಮ ಹವ್ಯಾಸಿ ಮೋಟಾರು ಓಟಗಾರರ ಸಂಘದವರು ಪ್ರತಿ ಭಾನುವಾರ ಕಾರು ಓಡಿಸುತ್ತಿದ್ದೆವು. ಎರಡೂ ಏಕಕಾಲದಲ್ಲಿ ನಡೆಯುತ್ತಿದ್ದವು, ಒಂದರಿಂದ ಇನ್ನೊಂದಕ್ಕೆ ತೊಂದರೆಯಾದ ಉದಾಹರಣೆ ಇಲ್ಲ.

ದೊಡ್ಡ ಊರುಗಳಲ್ಲಿ ಇಂಥ ಓಟಕ್ಕೆ ಟ್ರ್ಯಾಕ್ ಡೇ ಎನ್ನುತ್ತಾರಂತೆ. ಅದಕ್ಕಾಗಿಯೇ ಕಟ್ಟಿಸಿದ ರಸ್ತೆ ಇರುತ್ತದಂತೆ, ಗಂಟೆಯ ಲೆಕ್ಕದಲ್ಲಿ ಬಾಡಿಗೆ ಕಟ್ಟಬೇಕಂತೆ. ನಮ್ಮ ತಾಲ್ಲೂಕಿನಲ್ಲಿ ಗುಂಡಿಯಿಲ್ಲದ ರಸ್ತೆ ಬೇಕೆಂದರೆ ಕಾಲುವೆಗೇ ಇಳಿಯಬೇಕು. ನೀರು ತಾಗದ ಸಿಮೆಂಟು ಇವತ್ತಿಗೂ ಹೊಚ್ಚ ಹೊಸದು. ಎಮ್ಮೆಗಳು ಇಳಿಯುವ ಜಾಗದಿಂದಲೇ ನಾವು ಕಾರು ಇಳಿಸುತ್ತಿದ್ದೆವು. ಎಮ್ಮೆಗಳಿಗೆ ಬಾಡಿಗೆ ಇರಲಿಲ್ಲವಾದ್ದರಿಂದ ನಮಗೂ ಇರಲಿಲ್ಲ.

ಸಂಘದ ಕಾರ್ಯದರ್ಶಿಯಾಗಿ ನಾನು ಇಲ್ಲಿ ಹೇಳಬೇಕಾದದ್ದು ನಮ್ಮ ಅಧ್ಯಕ್ಷರಾದ ಚನ್ನಯ್ಯ ಮಾಸ್ತರರ ವಿಷಯ. ಮಾಸ್ತರರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾರೆ. ಅವರದು ಮೂರನೆಯವರ ಕೈಯಿಂದ ಕೊಂಡ ಒಂದು ಸಣ್ಣ ಕೆಂಪು ಕಾರು. ಬದುಕಿನಲ್ಲಿ ಅವರಿಗೆ ಬೇರೆ ಆಸೆ ಇರಲಿಲ್ಲ. ಕಾಲುವೆಯ ಮೂರನೇ ತೂಬಿನ ಹತ್ತಿರ ಒಂದು ತಿರುವಿದೆ, ಅದನ್ನು ಬ್ರೇಕು ಒತ್ತದೆ ಒಂದು ಸಲ ದಾಟಬೇಕು, ಅಷ್ಟೆ. ಪ್ರತಿ ಭಾನುವಾರ ಆ ತಿರುವು ಬಂದ ಕೂಡಲೇ ಹಿಂದಿನ ಚಕ್ರ ಜಾರಿ ಕಾರು ಕಾಲುವೆಯ ಗೋಡೆ ಹತ್ತತೊಡಗುತ್ತಿತ್ತು, ಮಾಸ್ತರರ ಕಾಲು ಬ್ರೇಕಿನ ಮೇಲೆ ಹೋಗುತ್ತಿತ್ತು. ಆ ರಾತ್ರಿ ಅವರು ಊಟ ಮಾಡುತ್ತಿರಲಿಲ್ಲ.

ಇದೇ ಮೂರನೇ ತೂಬಿನ ಕೆಳಗೆ ಅವರ ಹೆಂಡತಿ ಅನ್ನಮ್ಮನವರ ತವರಿನಿಂದ ಬಂದ ಹೊಲವಿದೆ. ಹೀಗಾಗಿ ಮುಂಜಾನೆ ಗಂಡ ಹೆಂಡಿರು ಒಂದೇ ದೇವರ ಜಗಲಿಯ ಮುಂದೆ ನಿಂತು, ಕಾಲುವೆಗೆ ನೀರು ಬರಲಿ ಎಂದು ಅನ್ನಮ್ಮನವರೂ ಬಾರದಿರಲಿ ಎಂದು ಮಾಸ್ತರರೂ ಬೇಡಿಕೊಳ್ಳುತ್ತಿದ್ದರು. ದೇವರು ವರ್ಷಾನುಗಟ್ಟಲೆ ಮಾಸ್ತರರ ಮಾತನ್ನೇ ಕೇಳಿದ. ಅನ್ನಮ್ಮನವರು ಅದಕ್ಕಾಗಿ ದೇವರನ್ನು ಬೈಯಲಿಲ್ಲ, ಮಾಸ್ತರರನ್ನು ಬೈದರು.

ತಿರುವಿಗೆ ಮದ್ದು ಟೈರಿನಲ್ಲಿದೆ ಎಂದು ಒಂದು ದಿನ ಮಾಸ್ತರರಿಗೆ ಹೊಳೆಯಿತು. ನಾವಿಬ್ಬರೂ ಶಹಾಪುರದ ಹಂಪಣ್ಣನ ಟೈರಿನ ಅಂಗಡಿಗೆ ಹೋದೆವು.

"ಹಂಪಣ್ಣ, ಮೂರನೇ ತೂಬಿನ ಕಡಿ ಗಾಡಿ ಜಾರಾಕತ್ತದ. ಟೈರು ಬದಲಿ ಮಾಡಬೇಕು. ರೊಕ್ಕ ಮಾತ್ರ ಭಾಳ ಇಲ್ಲ," ಎಂದರು ಮಾಸ್ತರರು.

"ಕಾಲುವಿಯೊಳಗ ನೀರದ ಏನ್ರಿ ಮಾಸ್ತರ್ರ?"

"ಎಲ್ಲೀ ನೀರು? ಹಲ್ಲಿ ಸೈತ ಬಾಯಾರಿ ಮ್ಯಾಲ ಬಂದಾವ."

"ಮತ್ತ ಗೆರಿಗೆ ಯಾಕ ರೊಕ್ಕ ಕೊಡ್ತೀರಿ? ಟೈರಿನ ಮ್ಯಾಲ ಗೆರಿ ಇರೋದು ನೀರು ಹೊರಗ ಹಾಕಾಕ. ಒಣ ಸಿಮೆಂಟಿನ ಮ್ಯಾಲ ರಬ್ಬರು ಎಷ್ಟು ಹತ್ತಿರ್ತದ, ಅಷ್ಟು ಹಿಡಿತ. ಬೋಳು ಟೈರು ಒಯ್ರಿ. ಚಪ್ಪಲಿ ಮಾಡೋರಿಗಂತ ಇಟ್ಟೀನಿ, ಅದೇ ರೇಟಿಗೆ ಕೊಡ್ತೀನಿ. ಡಾಂಬರ ರೋಡಿಗೆ ಮಾತ್ರ ಹಾಕಬ್ಯಾಡ್ರಿ, ಮಳಿ ಬಂದ್ರ ಸೀದಾ ಸ್ವರ್ಗ."

ಮಾಸ್ತರರು ಕೂತು ಟೈರು ನೋಡಿದರು. ಟೈರಿನ ಮಗ್ಗುಲಲ್ಲಿ ಅದು ಹುಟ್ಟಿದ ವಾರ ಮತ್ತು ವರ್ಷ ಒತ್ತಿರುತ್ತಾರೆ, ಅದನ್ನು ಓದಿ ಮುದಿ ಟೈರುಗಳನ್ನು ಬದಿಗಿಟ್ಟರು. ಉಗುರು ಒತ್ತಿ ನೋಡಿ ಗಟ್ಟಿಯಾದವನ್ನು ಬಿಟ್ಟರು. ಮೂಸಿದರು. ಅನ್ನಮ್ಮನವರನ್ನು ನೋಡಲು ಹೋದಾಗಲೂ ಅವರು ಇಷ್ಟು ಹೊತ್ತು ನೋಡಿರಲಿಲ್ಲವಂತೆ. ಕೊನೆಗೆ ನಾಲ್ಕು ಬೋಳು ಟೈರು ಆರಿಸಿ, ಮದುವೆಯ ಸಾಮಾನಿನ ಹಾಗೆ ಬಟ್ಟೆ ಮುಚ್ಚಿ ಮನೆಗೆ ತಂದರು.

ವಿಷಯ ಇಲ್ಲಿಗೇ ಮುಗಿಯಬಹುದಿತ್ತು. ಆದರೆ ಆ ವರ್ಷ ಯಾದಗಿರಿಯ ಓಟಗಾರರೂ ಬರುತ್ತೇವೆ ಎಂದಿದ್ದರಿಂದ, ಸ್ಪರ್ಧೆಗೆ ಸರ್ಕಾರದ ಅನುಮತಿ ಪಡೆಯುವ ದುರ್ಬುದ್ಧಿ ನಮಗೆ ಬಂತು. ಮಾಸ್ತರರು ತಮ್ಮ ದುಂಡಗಿನ ಅಕ್ಷರದಲ್ಲಿ ಅರ್ಜಿ ಬರೆದರು: "ಕಾಲುವೆಯು ಒಣಗಿರುವುದರಿಂದ ಸ್ಪರ್ಧಿಗಳು ಒಣ ಟೈರುಗಳನ್ನೇ ಬಳಸುವರು."

ಕಾಲುವೆ ಕಚೇರಿಯ ಮರಿಲಿಂಗಪ್ಪ ಸಾಹೇಬರು ಅರ್ಜಿ ಓದಿದರು. ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು.

"ಮಾಸ್ತರ್ರ, ಒಣ ಅಂತ ಯಾಕ ಬರದೀರಿ?"

"ಒಣಗ್ಯಾದಲ್ರಿ ಸಾಹೇಬ್ರ."

"ಯಾವುದು?"

"ಕಾಲುವಿ."

"ನೀವು ವಿಜ್ಞಾನ ಕಲಿಸೋರು. ಪುರಾವಾ ಏನದ?"

"ಬರ್ರಿ, ಕಣ್ಣಾರೆ ತೋರಸ್ತೀನಿ. ನಿನ್ನಿ ಭಾನುವಾರ ಅದರಾಗ ಕಾರು ಹೊಡದೀನಿ."

"ಕಣ್ಣಿಲೆ ನೋಡೋದು ಪುರಾವಾ ಆಗಂಗಿಲ್ರಿ. ಕಣ್ಣಿನ ಮ್ಯಾಲ ಯಾರೂ ಸಹಿ ಮಾಡಿರಂಗಿಲ್ಲ." ಸಾಹೇಬರು ಅರ್ಜಿಯನ್ನು ಎರಡು ಬೆರಳಿನಲ್ಲಿ ಹಿಡಿದು ಮೇಜಿನ ತುದಿಗೆ ಸರಿಸಿದರು. "ಒಣ ಅನ್ನೋ ಶಬ್ದ ಇರೋ ಕಾಗದ ಈ ಕಚೇರಿಯೊಳಗ ಇಟ್ಟುಕೊಳ್ಳಾಕ ಬರಂಗಿಲ್ಲ. ರೈತರು ಬರದು ಬರದು ಬ್ಯಾಸತ್ತು ಬಿಟ್ಟಾರ, ಈಗ ನೀವು ಶುರು ಮಾಡಬ್ಯಾಡ್ರಿ. ನೀರಿನ ಟೈರು ಅಂತ ಬರೀರಿ. ಈಗಿಂದೀಗ ಮಂಜೂರಿ."

ಮಾಸ್ತರರು ಹಾಗೇ ಬರೆದುಕೊಟ್ಟರು. ಮರುದಿನವೇ ಪ್ರಕಟಣೆ ಹೊರಬಿತ್ತು. ಅದರ ಮುಖ್ಯಾಂಶ ಹೀಗಿದೆ: "ಹನ್ನೊಂದನೇ ವಿತರಣಾ ಕಾಲುವೆಯಲ್ಲಿ ನೀರು ಹರಿಯುತ್ತಿರುವುದರಿಂದ, ಸದರಿ ಕಾಲುವೆಯಲ್ಲಿ ಓಡುವ ವಾಹನಗಳು ಆಳವಾದ ಗೆರೆಯುಳ್ಳ ಹೊಸ ನೀರಿನ ಟೈರುಗಳನ್ನು ಕಡ್ಡಾಯವಾಗಿ ಹೊಂದಿರತಕ್ಕದ್ದು. ಬೋಳು ಟೈರು ಬಳಸುವುದನ್ನು ಕಾಲುವೆಯ ಮಾನಹಾನಿ ಎಂದು ಪರಿಗಣಿಸಲಾಗುವುದು. ಚಾಲಕರಿಗೆ ಈಜು ಬರತಕ್ಕದ್ದು. ಸ್ಪರ್ಧೆಗೆ ಮುನ್ನ ಒಂದು ಸುತ್ತು ಓಡಿಸಿ, ಟೈರಿನ ಗೆರೆಗಳು ಕಾಲುವೆಯ ನೀರಿನಿಂದ ಒದ್ದೆಯಾಗಿರುವುದನ್ನು ಮೇಲಧಿಕಾರಿಗಳು ದೃಢೀಕರಿಸತಕ್ಕದ್ದು. ಈ ಅನುಮತಿಯು ಹಂಗಾಮು ಮುಗಿಯುವವರೆಗೆ ಜಾರಿಯಲ್ಲಿರುತ್ತದೆ."

ಈಜಿನ ಕಲಮು ಓದಿ ಮಾಸ್ತರರು ಕೃಷ್ಣೆಯ ದಂಡೆಯ ತಿಂಥಣಿಗೆ ಹೋದರು. ಅಲ್ಲಿ ಹರಿಗೋಲು ನಡೆಸುವ ಅಂಬ್ರಪ್ಪ ಅವರನ್ನು ಒಂದು ಗಾಳಿ ತುಂಬಿದ ಟ್ಯೂಬಿಗೆ ಕಟ್ಟಿ ಹೊಳೆಗೆ ಬಿಟ್ಟ. ಸಾಕಷ್ಟು ನೀರು ಕುಡಿದ ಮೇಲೆ ಮಾಸ್ತರರಿಗೆ ಈಜು ಬಂತು, ಅಂದರೆ ಟ್ಯೂಬಿನ ಮೇಲೆ ಕೂತಿರಲು ಬಂತು. ಪ್ರಕಟಣೆಯಲ್ಲಿ ಟ್ಯೂಬಿಲ್ಲದೆ ಈಜಬೇಕೆಂದು ಎಲ್ಲಿಯೂ ಹೇಳಿರಲಿಲ್ಲ.

ಟೈರಿನದು ಕಷ್ಟವಾಯಿತು. ಹೊಸ ನೀರಿನ ಟೈರಿಗೆ ಬೋಳು ಟೈರಿನ ಹತ್ತರಷ್ಟು ಬೆಲೆ. ಅದಕ್ಕಿಂತ ಹೆಚ್ಚಾಗಿ, ಹಂಪಣ್ಣ ಹೇಳಿದ ಮಾತು ಮಾಸ್ತರರ ಎದೆ ಒಡೆಯಿತು. "ಮೆತ್ತನ್ನ ರಬ್ಬರು, ಆಳ ಗೆರಿ. ಒಣ ಸಿಮೆಂಟಿನ ಮ್ಯಾಲ ಓಡಿಸಿದ್ರ ಕಾದು, ಕಟಕ ರೊಟ್ಟಿ ಮುರದಂಗ ಮುರಕೊಂಡು ಉದುರ್ತಾವ್ರಿ. ಮೂರನೇ ತೂಬಿನ ತನ ಬಂದ್ರ ಪುಣ್ಯಾ."

ಮನೆಗೆ ಬಂದು ಮಾಸ್ತರರು ಕಂಬಕ್ಕೆ ಒರಗಿ ಕೂತರು. ಅನ್ನಮ್ಮನವರು ಜೋಳ ಹಸನು ಮಾಡುತ್ತಿದ್ದರು. ಪ್ರಕಟಣೆಯನ್ನು ನನ್ನ ಕೈಯಿಂದ ಓದಿಸಿ ಕೇಳಿದರು. ಗೆರೆ ಒದ್ದೆಯಾಗುವ ಕಲಮನ್ನು ಇನ್ನೊಮ್ಮೆ ಓದಿಸಿದರು.

"ಅಲ್ರಿ, ಟೈರಿಗೆ ಹತ್ತೋ ನೀರು ಕಾಲುವಿದ ಆಗಿರಬೇಕಂತ ಬರದಾರೇನು?"

"ಹೌದು ಬರದಾರ," ಎಂದೆ ನಾನು.

"ಸಹಿ ಅದ?"

"ಸಹಿನೂ ಅದ, ಶಿಕ್ಕಾನೂ ಅದ."

ಅನ್ನಮ್ಮನವರು ಮೊರ ಕೆಳಗಿಟ್ಟು ಒಳಗೆ ಹೋದರು. ಎಮ್ಮೆಯ ಹಾಲು ಮಾರಿ ಕೂಡಿಸಿದ್ದ ಗಂಟು ತಂದು ಗಂಡನ ಮುಂದೆ ಇಟ್ಟರು. "ನೀರಿನ ಟೈರ ತರ್ರಿ. ನಾಕೂ ಹೊಸಾವೇ ತರ್ರಿ. ರಸೀದಿ ಮರೀಬ್ಯಾಡ್ರಿ."

ಕಾರಿಗೆ ಒಂದು ನಿಂಬೆಹಣ್ಣು ಕಟ್ಟಲೂ ಎಂದೂ ಕಾಸು ಬಿಚ್ಚದ ಹೆಂಡತಿ ಇವರು. ತನ್ನ ಆಸೆ ಇವಳಿಗೆ ಕಡೆಗೂ ಅರ್ಥವಾಯಿತಲ್ಲ ಎಂದು ಮಾಸ್ತರರು ಟಾವೆಲಿನಿಂದ ಕಣ್ಣು ಒರೆಸಿಕೊಂಡರು. ನನಗೂ ಕಣ್ಣು ತುಂಬಿತು. ಅನ್ನಮ್ಮನವರು ಮಾತ್ರ ಆರಾಮಾಗಿ ಜೋಳ ಕೇರುತ್ತಿದ್ದರು.

ಸ್ಪರ್ಧೆಯ ದಿನ ಕಾಲುವೆಯ ಎರಡೂ ದಂಡೆಯ ಮೇಲೆ ಜನ ಸೇರಿದರು. ಒಗ್ಗರಣೆ ಮಂಡಕ್ಕಿ, ಮಿರ್ಚಿ ಭಜಿಯ ಬಂಡಿಗಳು ಬಂದವು. ಯಾದಗಿರಿಯ ಮೇಲಧಿಕಾರಿಗಳು ಜೀಪಿನಿಂದ ಇಳಿದು ಕುರ್ಚಿಯ ಮೇಲೆ ಕೂತರು. ಯಾದಗಿರಿಯ ಓಟಗಾರರು ದಂಡೆಯ ಮೇಲೆ ಸರದಿಗೆ ಕಾಯುತ್ತಿರಲು, ನಿಯಮದಂತೆ ಮೊದಲು ಮಾಸ್ತರರು ಮೆಲ್ಲಗೆ ಒಂದು ಸುತ್ತು ಓಡಿಸಿ ಬಂದು ನಿಂತರು. ಮೇಲಧಿಕಾರಿಗಳು ಟೈರಿನ ಗೆರೆಯಲ್ಲಿ ಬೆರಳಾಡಿಸಿ ನೋಡಿದರು. ಬೆರಳಿಗೆ ಧೂಳು ಹತ್ತಿತು.

"ಇದು ಒದ್ದೆಯಾಗಿಲ್ಲವಲ್ಲ," ಎಂದರು. ಅವರು ಮೈಸೂರು ಕಡೆಯವರು.

"ಟೈರು ನಕಲಿ ಇರಬೇಕ್ರಿ ಸರ್," ಎಂದರು ಮರಿಲಿಂಗಪ್ಪ ಸಾಹೇಬರು.

ಅನ್ನಮ್ಮನವರು ಸೆರಗು ಬಿಗಿದುಕೊಂಡು ಮುಂದೆ ಬಂದರು. "ಟೈರು ಅಸಲಿ ಅವ್ರಿ. ಹಂಪಣ್ಣನ ರಸೀದಿ ಅದ, ನೋಡ್ರಿ."

ಮೇಲಧಿಕಾರಿಗಳು ರಸೀದಿ ನೋಡಿದರು. ತಾರೀಖು, ಸಹಿ, ತೆರಿಗೆ ಎಲ್ಲ ಬರೋಬರಿ ಇತ್ತು. "ಟೈರು ಅಸಲಿಯಾದರೆ ನಕಲಿ ಯಾವುದು?" ಎಂದು ಕೇಳಿದರು. ದಂಡೆಯ ಮೇಲಿದ್ದವರೆಲ್ಲ ಕಾಲುವೆಯ ಕಡೆ ನೋಡಿದರು. ಮರಿಲಿಂಗಪ್ಪ ಸಾಹೇಬರು ಆಕಾಶದ ಕಡೆ ನೋಡಿದರು.

ಯಾರೋ ಒಂದು ಕೊಡ ನೀರು ತಂದು ಟೈರಿಗೆ ಸುರಿಯಲು ಹೋದರು. ಮೇಲಧಿಕಾರಿಗಳು ತಡೆದರು. "ಕೊಡದಲ್ಲಿರುವುದು ಕುಡಿಯುವ ನೀರು, ಅದು ಬೇರೆ ಇಲಾಖೆಗೆ ಸೇರಿದ್ದು. ಪ್ರಕಟಣೆಯಲ್ಲಿ ಕಾಲುವೆಯ ನೀರು ಎಂದಿದೆ. ಟೈರು ಬದಲಾಯಿಸಲು ಬರುವುದಿಲ್ಲ, ರಸೀದಿ ಇದೆ. ಪ್ರಕಟಣೆ ಬದಲಾಯಿಸಲು ಬರುವುದಿಲ್ಲ, ಸಹಿ ಇದೆ. ಬದಲಾಯಿಸಲು ಬರುವುದು ಕಾಲುವೆ ಒಂದೇ. ಅದನ್ನು ಕೂಡಲೇ ದಾಖಲೆಗೆ ಸರಿಹೊಂದಿಸಿ."

ಮರಿಲಿಂಗಪ್ಪ ಸಾಹೇಬರು ಫೋನಿಗೆ ಓಡಿದರು. ಮೇಲಿನ ಗೇಟು ತುಕ್ಕು ಹಿಡಿದಿತ್ತು, ಅದನ್ನು ಹಾರೆ ಹಾಕಿ ಎತ್ತಿದರು. ನಡುವೆ ಯಾರ್ಯಾರೋ ಇಳಿಬಿಟ್ಟಿದ್ದ ಪಂಪುಸೆಟ್ಟಿನ ಪೈಪುಗಳನ್ನು ಕಿತ್ತರು. ಸಂಜೆಯ ಹೊತ್ತಿಗೆ, ಒಂಟಿ ಚಪ್ಪಲಿ, ಹುಲ್ಲು, ಒಂದು ಮುರಿದ ಪ್ಲಾಸ್ಟಿಕ್ ಕುರ್ಚಿ ಇವುಗಳನ್ನು ಮುಂದಿಟ್ಟುಕೊಂಡು ಕೃಷ್ಣೆಯ ನೀರು ಹನ್ನೊಂದನೇ ಕಾಲುವೆಯ ಕೊನೆಯ ಭಾಗಕ್ಕೆ ಪ್ರಥಮ ಬಾರಿಗೆ ಎಂದಿನಂತೆ ಬಂತು. ಎತ್ತು ಕಟ್ಟಿ ಕೆಂಪು ಕಾರನ್ನು ದಂಡೆಗೆ ಎಳೆಯುವಷ್ಟರಲ್ಲಿ ಗೆರೆಗಳು ಚೆನ್ನಾಗಿ ಒದ್ದೆಯಾಗಿದ್ದವು. ಮೇಲಧಿಕಾರಿಗಳು ದೃಢೀಕರಿಸಿ ಜೀಪು ಹತ್ತಿದರು.

ಜನ ಕುಣಿದರು. ಅನ್ನಮ್ಮನವರು ಸಲಿಕೆ ಹಿಡಿದು ಹೊಲಕ್ಕೆ ಓಡಿದರು. ಮಾಸ್ತರರು ಮಾತ್ರ ದಂಡೆಯ ಮೇಲೆ ನಿಂತು ಮೂರನೇ ತೂಬಿನ ಕಡೆ ನೋಡುತ್ತಿದ್ದರು. ತಿರುವು ನೀರಿನಲ್ಲಿ ಮುಳುಗಿತ್ತು. ನನಗೆ ಅವರನ್ನು ನೋಡಿ ಬಹಳ ಕೆಟ್ಟದೆನಿಸಿತು. ಒಬ್ಬ ಮನುಷ್ಯನ ಜೀವಮಾನದ ಆಸೆಯನ್ನು ಹೀಗೆ ಎಲ್ಲರ ಸಂತೋಷದಲ್ಲಿ ಮುಳುಗಿಸಬಾರದು.

ಅನುಮತಿ ಹಂಗಾಮಿನ ಕೊನೆಯವರೆಗೆ ಇದ್ದುದರಿಂದ ನೀರು ನಿಲ್ಲಿಸಲು ಬರಲಿಲ್ಲ. ಸುದ್ದಿ ಹಬ್ಬಿತು. ನೀರು ಕೇಳಿ ಅರ್ಜಿ ಕೊಡುವುದನ್ನು ರೈತರು ಬಿಟ್ಟರು, ಟೈರಿನ ರಸೀದಿ ಲಗತ್ತಿಸಿ ಓಟಕ್ಕೆ ಅನುಮತಿ ಕೇಳತೊಡಗಿದರು. ಕಾರಿಲ್ಲದವರೂ ಟೈರು ಕೊಂಡರು. ಮೆಣಸಿನಕಾಯಿ ಬೆಳೆಯುವ ಮದೀನಾಬೀ ಒಂದೇ ಟೈರು ತಲೆಯ ಮೇಲೆ ಹೊತ್ತು ಕಾಲುವೆ ಕಚೇರಿಗೆ ಬಂದರು.

"ಗಾಡಿಗೆ ನಾಕು ಟೈರು ಬೇಕಲ್ಲಬೇ," ಎಂದರು ಮರಿಲಿಂಗಪ್ಪ ಸಾಹೇಬರು.

"ನಂದು ಸಣ್ಣ ಹೊಲ ಅದ್ರಿ ಸಾಹೇಬ. ಒಂದು ಟೈರಿಗೆ ಎಷ್ಟು ಬರ್ತದ, ಅಷ್ಟೇ ಬಿಡ್ರಿ."

ಬೇಡಿಕೆ ನ್ಯಾಯವಾಗಿದ್ದುದರಿಂದ ಮಂಜೂರಾಯಿತು. ಬಳಿಕ ಕಚೇರಿಯಲ್ಲಿ ಟೈರು ಶಾಖೆ ತೆರೆದರು. ಭತ್ತಕ್ಕೆ ಆಳ ಗೆರೆ, ಹತ್ತಿಗೆ ಸಾಧಾರಣ ಗೆರೆ, ಶೇಂಗಾಕ್ಕೆ ಹಳೆಯ ಟೈರಿಗೆ ಹೊಸ ರಬ್ಬರು ಹಚ್ಚಿದ ರಿಮೋಲ್ಡ್ ಸಾಕು ಎಂದು ಕರಪತ್ರ ಹಂಚಿದರು. ಬೋಳು ಟೈರಿನವರು ಮಳೆಯನ್ನೇ ನಂಬಬೇಕೆಂದು ಅದರಲ್ಲಿ ಸ್ಪಷ್ಟವಾಗಿ ತಿಳಿಸಲಾಗಿತ್ತು. ಹಂಪಣ್ಣ ಅಂಗಡಿಯ ಬೋರ್ಡು ಬದಲಿಸಿ "ಟೈರು ಮತ್ತು ನೀರಾವರಿ" ಎಂದು ಬರೆಸಿದ.

ಇಷ್ಟೆಲ್ಲ ಆದರೂ ಸಂಘದ ಸ್ಪರ್ಧೆ ಬಾಕಿಯೇ ಉಳಿದಿತ್ತು. ಮಾಸ್ತರರು ದಿನಾ ದಂಡೆಗೆ ಬಂದು ಕೂರುತ್ತಿದ್ದರು. ಒಂದು ಭಾನುವಾರ ಹಂಪಣ್ಣ ಅವರನ್ನು ನೋಡಲಾರದೆ ಟ್ರ್ಯಾಕ್ಟರಿನ ಒಂದು ಹಳೆಯ ಟ್ಯೂಬು ತಂದ. ಅದಕ್ಕೆ ಪಂಕ್ಚರಿನ ತೇಪೆಗಳು ಬೇಕಾದಷ್ಟಿದ್ದವು. "ರೊಕ್ಕ ಬ್ಯಾಡ್ರಿ ಮಾಸ್ತರ್ರ. ನಿಮ್ಮ ರೋಡಿಗೆ ಈಗ ಇದೇ ಲಾಯಕ್ಕು."

ಸಂಘದ ತುರ್ತು ಸಭೆ ದಂಡೆಯ ಮೇಲೆಯೇ ಸೇರಿತು. ಟೈರಿನ ಒಳಗಿರುವುದು ಟೈರಿನ ಭಾಗವೇ ಆದ್ದರಿಂದ ಟ್ಯೂಬು ಅಧಿಕೃತ ವಾಹನವೆಂದು ಸರ್ವಾನುಮತದಿಂದ ತೀರ್ಮಾನವಾಯಿತು. ಮಾಸ್ತರರು ಹೆಲ್ಮೆಟ್ ಹಾಕಿಕೊಂಡು ಟ್ಯೂಬಿನ ಮೇಲೆ ಕೂತರು. ನಾನು ಬಾವುಟ ಬೀಸಿದೆ. ಎಮ್ಮೆ ಇಳಿಯುವ ಜಾಗದಿಂದ ಹೊರಟ ಟ್ಯೂಬು ಮೊದಲನೇ ತೂಬು, ಎರಡನೇ ತೂಬು ದಾಟಿ, ಗಿರಗಿರನೆ ತಿರುಗುತ್ತಾ ಮೂರನೇ ತೂಬಿನ ತಿರುವಿಗೆ ಬಂತು. ಮಾಸ್ತರರ ಬಲಗಾಲು ಅಭ್ಯಾಸ ಬಲದಿಂದ ನೀರನ್ನು ಒತ್ತಿತು. ಏನೂ ಆಗಲಿಲ್ಲ. ತಿರುವು ದಾಟಿತು.

ತೂಬಿನ ಹತ್ತಿರ ಅನ್ನಮ್ಮನವರು ಮೊಣಕಾಲುದ್ದ ಕೆಸರಿನಲ್ಲಿ ನಿಂತು ಭತ್ತಕ್ಕೆ ನೀರು ತಿರುವುತ್ತಿದ್ದರು.

"ಏ ಅನ್ನಮ್ಮ, ನೋಡಿದಿ ಇಲ್ಲೋ? ಬ್ರೇಕ್ ಹಾಕಲಿಲ್ಲ! ಬ್ರೇಕ್ ಹಾಕಲಿಲ್ಲ ನಾ!" ಎಂದು ಮಾಸ್ತರರು ಎರಡೂ ಕೈ ಎತ್ತಿ ಕೂಗಿದರು.

"ನೋಡೀನ್ರಿ," ಎಂದರು ಅನ್ನಮ್ಮನವರು. "ಹಂಗೇ ಹೋಗ್ರಿ, ಹಾಕಬ್ಯಾಡ್ರಿ. ನೀವು ನಿಂತ್ರ ನೀರು ನಿಲ್ಲಸ್ತಾರ."