ನಾಲ್ಕು ಅಂಕ, ಒಂದು ಬೀಗ

ಇಡೀ ಅನಾಹುತಕ್ಕೆ ಕಾರಣ ದೆಹಲಿಯ ರೋಹಿಣಿ ಬಡಾವಣೆಯ ಬುಧವಾರದ ಸಂತೆ, ಬುಧ್ ಬಜಾರಿನಲ್ಲಿ ಕೊಂಡ ಬೆರಳುದ್ದದ ಒಂದು ನಂಬರ್ ಬೀಗ. ಆನೆ ಎಳೆದರೂ ಬಿಡದ ಬೀಗ ಎಂದು ಅಂಗಡಿಯ ಭಯ್ಯಾ ಹೇಳಿದ್ದ. ನಾನು ಒಂದಾನೆಯ ಜಾಗದಲ್ಲಿ ಎರಡಾನೆ ಕಟ್ಟುತ್ತೇನೆ, ಅಷ್ಟೇ ವ್ಯತ್ಯಾಸ. ಉಳಿದಂತೆ ಈ ಕತೆಯಲ್ಲಿ ಒಂದಕ್ಷರವೂ ಸುಳ್ಳಿಲ್ಲ.

ಕೊಂಡವನು ಚಂದ್ರಕಾಂತ. ವಾರದಲ್ಲಿ ಐದು ದಿನ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತ, ಭಾನುವಾರ ನಮ್ಮ ಕನ್ನಡ ಸಂಘದ ಮಕ್ಕಳಿಗೆ ಮೇಷ್ಟ್ರು. ಕಲಿಸುವುದು ಹಳೆಯ ಕಾಲದ ನಾಟಕ. ಅವನು ವಿವರಿಸಲು ಶುರುಮಾಡಿದರೆ ಮಕ್ಕಳಿರಲಿ, ಗೋಡೆಯ ಹಲ್ಲಿಗಳೂ ನಿದ್ದೆಹೋಗಿ ಪಟಪಟನೆ ಉದುರುತ್ತಿದ್ದವು. ನಲವತ್ತು ಮಕ್ಕಳಿದ್ದ ತರಗತಿ ಏಳಕ್ಕೆ ಇಳಿಯಿತು. ಆಗ ಸಂಘದ ಅಧ್ಯಕ್ಷರು, ನಿವೃತ್ತ ಸುಬೇದಾರ್ ಮೇಜರ್ ಬೋಪಯ್ಯನವರು, ನಿಂಬೆಹಣ್ಣು ನಿಲ್ಲಿಸಬಹುದಾದ ಮೀಸೆಯನ್ನು ತಿರುವಿದರು.

“ಚಂದ್ರಕಾಂತ್, ಬರೋ ಭಾನುವಾರ ಹನ್ನೊಂದಕ್ಕೆ ನಾನೇ ಬಂದು ನೋಡ್ತೀನಿ. ಮಕ್ಕಳು ಎಚ್ಚರವಾಗಿದ್ರೆ ಕ್ಲಾಸ್ ಉಳಿಯುತ್ತೆ. ತೂಕಡಿಸ್ತಿದ್ರೆ ಹಾಲನ್ನ ಝುಂಬಾ ಡ್ಯಾನ್ಸಿನವರಿಗೆ ಕೊಡ್ತೀನಿ.”

ಕ್ಲಾಸೇ ಚಂದ್ರಕಾಂತನ ಪ್ರಾಣ. ಕಚೇರಿಯಲ್ಲಿ ಅವನನ್ನು ‘ಸರ್’ ಅನ್ನುವವರು ಯಾರೂ ಇಲ್ಲ. ಇಲ್ಲಿ ಏಳು ಜನ ಇದ್ದರು.

ವಾರವಿಡೀ ತಲೆ ಕೆರೆದುಕೊಂಡು ಅವನೊಂದು ಆಟ ಹೆಣೆದ. ನಾಟಕದಲ್ಲಿ ಮಂತ್ರಿ ಮೋಸದಿಂದ ರಾಜನನ್ನು ಸೆರೆಗೆ ಹಾಕುತ್ತಾನೆ, ರಾಣಿ ಒಗಟು ಬಿಡಿಸಿ ಗಂಡನನ್ನು ಬಿಡಿಸುತ್ತಾಳೆ. ಹಾಗಾದರೆ ಮೇಷ್ಟ್ರೇ ರಾಜ, ಹಾಲ್ ಪಕ್ಕದ ಸ್ಟೋರ್ ರೂಮೇ ಸೆರೆ! ನಾಲ್ಕು ಅಂಕಕ್ಕೆ ನಾಲ್ಕು ಒಗಟಿನ ಚೀಟಿ ಬರೆದು ಹಾಲ್‌ನ ಗೋಡೆಗೆ ಅಂಟಿಸಿದ. ಒಂದೊಂದು ಒಗಟಿಗೂ ಒಂದೊಂದು ಸಂಖ್ಯೆ ಉತ್ತರ. ನಾಲ್ಕೂ ಸಿಕ್ಕರೆ ಬೀಗ ತೆರೆಯುತ್ತದೆ.

ಭಾನುವಾರ ಹತ್ತೂವರೆಗೆ ಅವನು ಸ್ಟೋರ್ ರೂಮ್ ಹೊಕ್ಕು, ಹೊತ್ತು ನೋಡಲೆಂದು ತನ್ನ ಫೋನನ್ನು ಸ್ಫೂರ್ತಿಯ ಕೈಗಿತ್ತ. ಸ್ಫೂರ್ತಿಗೆ ಹತ್ತು ವರ್ಷ, ಬುದ್ಧಿಗೆ ಮಾತ್ರ ನಾನೂರು.

“ಒಳಗಿಂದ ನಾನು ಏನೇ ಕೂಗಿದ್ರೂ ನಂಬಬೇಡಿ ಮಕ್ಕಳೇ. ಮಂತ್ರಿ ರಾಜನ ದನಿಯಲ್ಲಿ ಮಾತಾಡೋದ್ರಲ್ಲಿ ನಿಸ್ಸೀಮ. ನಾನೇ ನಂಬರ್ ಹೇಳಿದ್ರೂ ತೆಗೀಬೇಡಿ. ಒಗಟು ಬಿಡಿಸಿದ್ರೆ ಮಾತ್ರ!”

“ಪಕ್ಕಾ, ಸರ್?”

“ಪಕ್ಕಾ.”

ಕ್ಲಿಕ್ ಎಂದಿತು ಬೀಗ.

ಒಳಗೆ ಚಳಿಗಾಲದ ನಿದ್ದೆಯಲ್ಲಿದ್ದ ಎರಡು ಕೂಲರ್, ಒಂದು ಹಾರ್ಮೋನಿಯಂ, ಕಿಟಕಿಯಿಲ್ಲದ ಕತ್ತಲೆ. ಐದು ನಿಮಿಷ ಕಳೆದಿರಬೇಕು, ಹೊರಗೆ ಸುಶೀಲಮ್ಮನ ದನಿ ಕೇಳಿತು. ಸಂಘದ ಗೋಡೆಗಳನ್ನು ಹೆತ್ತ ಮಕ್ಕಳಿಗಿಂತ ಹೆಚ್ಚು ಅಕ್ಕರೆಯಿಂದ ಸಾಕುವ ಪಕ್ಕದ ಮನೆಯಾಕೆ.

“ಅಯ್ಯೋ, ಹೊಸಾ ಪೇಂಟಿನ ಮೇಲೆ ಯಾರಪ್ಪಾ ಅಂಟಿಸಿದ್ದು ಇದನ್ನ?” ಪರ್ ಪರ್ ಎಂದು ಹರಿದ ಸದ್ದು. “ಕಬಾಡಿವಾಲೇ ಭಯ್ಯಾ, ರುಕೋ! ಯೇ ಭೀ ಲೇ ಜಾವೋ!”

“ಸುಶೀಲಮ್ಮನೋರೇ, ಹರೀಬೇಡಿ! ಅದು ರಾಜನ ಪ್ರಾಣ!” ಎಂದು ಒಳಗಿಂದ ಕೂಗಿದ ಚಂದ್ರಕಾಂತ.

“ರಾಜನಾದ್ರೇನು, ಸಂಘದ ಗೋಡೆ ಅವರಪ್ಪನ ಮನೇದಾ?” ಎಂದಳು ಆಕೆ. ಹಳೆ ಪೇಪರಿನ ಜೊತೆ ನಾಲ್ಕೂ ಒಗಟು ಕಬಾಡಿವಾಲಾನ ರದ್ದಿ ಸೈಕಲ್ ಏರಿ ಹೋದವು.

ಚಂದ್ರಕಾಂತ ಬಾಗಿಲು ಬಡಿದ. ಇನ್ನು ಕಾಲು ಗಂಟೆಗೆ ಬೋಪಯ್ಯ ಬರುತ್ತಾರೆ. “ಸ್ಫೂರ್ತಿ! ಆಟ ಸಾಕು! ನಂಬರ್ ಒಂದು, ಒಂಬತ್ತು, ಐದು, ಆರು. ತೆಗಿ ಪುಟ್ಟಿ!”

ಹೊರಗೆ ಗುಸುಗುಸು.

“ಸಾರಿ ಸರ್. ನೀವು ಮಂತ್ರಿ ಇರಬಹುದು.”

“ನಾನು ಚಂದ್ರಕಾಂತ ಕಣೇ!”

“ಮಂತ್ರಿ ಭೀ ಯಹೀ ಬೋಲೇಗಾ,” ಮಂತ್ರಿಯೂ ಇದನ್ನೇ ಹೇಳೋದು ಎಂದ, ಬಾಯಿಬಿಟ್ಟರೆ ಹಿಂದಿಯನ್ನೇ ಆಡುವ ಸಾಕೇತ್ ಎಂಬ ಇನ್ನೊಬ್ಬ ಶಿಷ್ಯ.

“ಚೀಟಿ ಇಲ್ಲ ಅಲ್ವಾ ಸರ್, ನಾಟಕಾನೇ ಆಡಿ. ನಾವು ಕೇಳಿ ಕೇಳಿ ನಂಬರ್ ಗಿನ್ತಿ ಮಾಡ್ತೀವಿ, ಒಂದು ಎರಡು ಅಂತ,” ಎಂದಳು ಸ್ಫೂರ್ತಿ.

ಬೇರೆ ದಾರಿಯಿರಲಿಲ್ಲ. ಮೊದಲನೇ ಅಂಕದಲ್ಲಿ ಒಬ್ಬಂಟಿ ರಾಜನ ಗೋಳು. ನಿಜವಾದ ಗೋಳೇ ಆದ್ದರಿಂದ ನಟಿಸುವ ಅಗತ್ಯ ಬೀಳಲಿಲ್ಲ. ಎರಡನೆಯದರಲ್ಲಿ ಅರಮನೆಯ ಗಂಟೆ ಒಂಬತ್ತು ಸಲ ಬಾರಿಸಬೇಕು. ಅವನು ಕೂಲರಿನ ತಗಡು ಬಾರಿಸಿದ ರಭಸಕ್ಕೆ ದೆಹಲಿಯ ಇನ್ನೊಂದು ತುದಿಯಾಚೆಯ ಫರೀದಾಬಾದಿನ ಕಾರ್ಖಾನೆಗಳಲ್ಲಿ ಊಟದ ಗಂಟೆಯಾಯಿತೆಂದು ಜನ ಕೈತೊಳೆದರು.

ಅಷ್ಟರಲ್ಲಿ ಬಾಗಿಲ ಸಂದಿಯಲ್ಲಿ ಪಳಪಳ ಹೊಳೆಯುವ ಎರಡು ಬೂಟು ಕಾಣಿಸಿದವು. “ಏನ್ ನಡೀತಿದೆ ಇಲ್ಲಿ?” ಬೋಪಯ್ಯ! ಸ್ಫೂರ್ತಿ ಏನೋ ಪಿಸುಗುಟ್ಟಿದಳು. ಬಳಿಕ ಕುರ್ಚಿ ಎಳೆದ ಸದ್ದು. ಇನ್ನೊಂದು ಕುರ್ಚಿ. ಇನ್ನೂ ಹತ್ತು ಕುರ್ಚಿ.

‘ಪಂಚಾಯ್ತಿ ಸೇರಿಸ್ತಿದ್ದಾರೆ. ಕ್ಲಾಸ್ ಮುಗೀತು,’ ಎಂದುಕೊಂಡ ಚಂದ್ರಕಾಂತ ಜೀವದಾಸೆ ಬಿಟ್ಟು ಮುಂದಿನ ಅಂಕಕ್ಕೆ ಧುಮುಕಿದ. ವಿದೂಷಕನಾಗಿ ಇಲ್ಲದ ಐದು ಲಾಡುಗಳನ್ನು ಚಪ್ಪರಿಸಿ ತಿಂದ. ಕೊನೆಯ ಅಂಕದಲ್ಲಿ ಆರು ಕಾವಲುಗಾರರ ಆರು ಬಗೆಯ ಗೊರಕೆ ಹೊಡೆದ. ಹಾರ್ಮೋನಿಯಂ ಒತ್ತಿ ರಾಣಿಯಾಗಿ ಅತ್ತಾಗ ಸೆಕ್ಟರಿನ ನಾಯಿಗಳೆಲ್ಲ ದನಿಗೂಡಿಸಿದವು.

ಮಧ್ಯಾಹ್ನ ಒಂದು ಗಂಟೆಗೆ ನಾಟಕ ಮುಗಿಯಿತು. ಕ್ಲಿಕ್ ಸದ್ದೇ ಇಲ್ಲದೆ ಬಾಗಿಲು ತೆರೆಯಿತು. ಹೊರಗೆ ಎರಡು ಸಾವಿರ ಜನ! ಸರಿ, ಅರವತ್ತು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು.

ಸಾಕೇತನ ಅಜ್ಜಿ ದೇವಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. “ನಮ್ಮ ಹುಡುಗ ಇವತ್ತು ನಂಗೆ ‘ಅಜ್ಜೀ, ಸುಮ್ನಿರಿ, ರಾಣಿ ಅಳ್ತಿದಾಳೆ’ ಅಂದ ಸರ್. ಹುಟ್ಟಿದಾಗಿಂದ ಇಷ್ಟುದ್ದ ಕನ್ನಡ ಅವನ ಬಾಯಲ್ಲಿ ಕೇಳಿರಲಿಲ್ಲ. ನಿಮ್ಮ ಉಪಕಾರ ಸಾಯೋವರೆಗೂ ಮರೆಯಲ್ಲ.”

ಸುಶೀಲಮ್ಮ ತಟ್ಟೆ ತುಂಬ ಚಕ್ಕುಲಿ ಹಿಡಿದು, “ಹರಿದಿದ್ದು ತಪ್ಪಾಯ್ತಪ್ಪಾ,” ಎಂದಳು. “ನೀವು ಹರಿದಿದ್ದಕ್ಕೇ ಇದೆಲ್ಲ ಆಗಿದ್ದು, ತಾಯಿ,” ಎಂದು ಚಂದ್ರಕಾಂತ ಕೈಮುಗಿದ.

ಆಮೇಲೆ ಅವನಿಗೆ ಅನುಮಾನ ಬಂತು. “ಬೀಗ ಯಾವಾಗ ತೆಗೆದ್ರಿ?”

ಸ್ಫೂರ್ತಿ ಜೇಬಿನಿಂದ ಬೀಗ ತೆಗೆದಳು. “ಟೆನ್ ಫಾರ್ಟಿಗೇ ಸರ್. ನಿಮ್ಮ ಫೋನು, ನಿಮ್ಮ ಬ್ಯಾಗು, ಸಂಘದ ವೈಫೈ, ಎಲ್ಲಕ್ಕೂ ಒಂದೇ ನಂಬರ್, ನೈನ್ಟೀನ್ ಫಿಫ್ಟಿಸಿಕ್ಸ್. ಕರ್ನಾಟಕ ಒಂದಾದ ವರ್ಷ. ಇಲ್ಲಿ ಎಲ್ಲಾ ಅಂಕಲ್‌ಗಳದ್ದೂ ಅದೇ.”

ಬೋಪಯ್ಯ ಕೆಮ್ಮಿ, ಗುಟ್ಟಾಗಿ ತಮ್ಮ ಬ್ರೀಫ್‌ಕೇಸನ್ನು ಬೆನ್ನ ಹಿಂದೆ ಸರಿಸಿಕೊಂಡರು.

“ಮತ್ತೆ ಬಾಗಿಲು ಯಾಕೆ ತೆಗೀಲಿಲ್ಲ?”

“ತೆಗೆದಿದ್ರೆ ನೀವು ಹೊರಗೆ ಬಂದು ಎಕ್ಸ್‌ಪ್ಲೇನ್ ಮಾಡ್ತಿದ್ರಿ, ಸರ್.”

“ಹನ್ನೊಂದರ ಮೇಲೆ ತೆಗೀಬಾರದು ಅಂತ ಆರ್ಡರ್ ಕೊಟ್ಟೋನು ನಾನು,” ಎಂದರು ಬೋಪಯ್ಯ. “ಒಂದು ಮಗುನೂ ಮಲಗಲಿಲ್ಲ ರೀ! ಕ್ಲಾಸ್ ಉಳೀತು. ಇಪ್ಪತ್ತು ಹೊಸ ಮಕ್ಕಳು ಹೆಸರು ಕೊಟ್ಟಿದ್ದಾರೆ.”

“ನಿಮ್ಮ ಋಣ ಹೇಗೆ ತೀರಿಸಲಿ, ಸರ್...”

“ತೀರಿಸಬೇಕಾದೋರು ನಾವು.” ಅವರು ಅವನಿಗೆ ಶಾಲು ಹೊದಿಸಿ, ಕೈಗೊಂದು ಪೊಟ್ಟಣ ಇತ್ತರು. “ಸಂಘದ ಕೃತಜ್ಞತೆ. ಸ್ವೀಕರಿಸಿ.”

ಬಿಚ್ಚಿದರೆ ಹಲಸಿನ ಹಣ್ಣಿನಷ್ಟು ದೊಡ್ಡ ಹೊಸ ನಂಬರ್ ಬೀಗ.

ಈಗ ಪ್ರತಿ ಭಾನುವಾರ ಹತ್ತೂವರೆಗೆ ಚಂದ್ರಕಾಂತ ಎಲ್ಲರಿಗೂ ಮನಸಾರೆ ವಂದಿಸಿ ಒಳಗೆ ಹೋಗುತ್ತಾನೆ. ಇಪ್ಪತ್ತೇಳು ಮಕ್ಕಳು ಬಾಯ್ತುಂಬ ‘ಸರ್’ ಅನ್ನುತ್ತಾರೆ, ಬಾಗಿಲಿನ ಆಚೆಯಿಂದ. ಹೊಸ ಬೀಗದ ನಂಬರು ರೋಹಿಣಿಯ ಕನ್ನಡಿಗರಿಗೆಲ್ಲ ಗೊತ್ತು, ಕಬಾಡಿವಾಲಾನಿಗೂ ಗೊತ್ತು, ಚಂದ್ರಕಾಂತನೊಬ್ಬನನ್ನು ಬಿಟ್ಟು.