ದೇವರನ್ನು ಬಿಡದ ಮಾವ

ನಮ್ಮ ಚರ್ಚಿನ ಪಾದ್ರಿಗಳು ಸೈತಾನನಿಗಿಂತ ಹೆಚ್ಚು ಹೆದರುತ್ತಿದ್ದದ್ದು ನನ್ನ ಸೋದರಮಾವನಿಗೆ! ಸೈತಾನನಾದರೋ ಪ್ರಾರ್ಥನೆ ಶುರುವಾದರೆ ಓಡಿಹೋಗುತ್ತಾನೆ. ಮಾವ ಆಗಲೇ ಬಂದು ಎದುರಿನ ಚಾಪೆಯಲ್ಲಿ ಕೂರುತ್ತಿದ್ದರು.

ಅವರದ್ದು ಒಂದೇ ಪ್ರಶ್ನೆ. ಈ ಮನುಷ್ಯನನ್ನು ಯಾಕಾದರೂ ಮಾಡಿದೆನೋ ಎಂದು ಬೈಬಲಿನ ಜಲಪ್ರಳಯಕ್ಕೆ ಮೊದಲು ದೇವರು ನೊಂದುಕೊಂಡನಲ್ಲ, ಮನುಷ್ಯ ಕೆಡುತ್ತಾನೆ ಎಂದು ಅವನಿಗೆ ಮೊದಲೇ ಗೊತ್ತಿರಲಿಲ್ಲವೇ? ಗೊತ್ತಿರಲಿಲ್ಲ ಎಂದರೆ ಅವನೆಂಥ ದೇವರು? ಗೊತ್ತಿತ್ತು ಎಂದರೆ ಆಮೇಲೆ ಅಳುವುದೇಕೆ?

ನಮ್ಮಲ್ಲಿ ವಾರಕ್ಕೊಂದು ಮನೆಯಂತೆ ಸರದಿಯಲ್ಲಿ ಮನೆಪ್ರಾರ್ಥನೆ ನಡೆಯುತ್ತದೆ. ಕಾವೂರಿನ ಒಂದು ಮನೆಯಲ್ಲಿ ಈ ಪ್ರಶ್ನೆ ಎದ್ದು, ಬಿಸಿ ಬನ್ಸ್ ತಣ್ಣಗಾಗಿ, ಚಹಾ ಮತ್ತೆ ಮತ್ತೆ ಕುದಿದು ಕಹಿಯಾಯಿತು. ದೇವರ ಮನಸ್ಸು ಬದಲಾಗುವುದಿಲ್ಲ, ನಮಗೆ ಅರ್ಥವಾಗಲಿ ಎಂದು ಹಾಗೆ ಬರೆದಿದೆ ಅಷ್ಟೇ ಎಂದು ಪಾದ್ರಿಗಳು ಬೆವರೊರೆಸಿಕೊಂಡರು. ಹಾಗಾದರೆ ದೇವರು ನೊಂದದ್ದು ಬರೀ ನಾಟಕವೇ ಎಂದು ಮಾವ ಕೇಳಿದರು. ಅಂದಿನಿಂದ ಜನ ತಮ್ಮ ಸರದಿ ಬಂದಾಗ, ಆ ಅಧ್ಯಾಯದ ಹತ್ತಿರ ಸುಳಿಯಬೇಡಿ ಎಂದು ಪಾದ್ರಿಗಳಿಗೆ ಮೊದಲೇ ಫೋನ್ ಮಾಡತೊಡಗಿದರು.

ಕೊಟ್ಟಾರದಲ್ಲಿ ಒಮ್ಮೆ ನಾವಿಬ್ಬರೂ ಹೋಗುತ್ತಿದ್ದಾಗ ಮಾವ ರಿಕ್ಷಾದವನನ್ನೂ ಬಿಡಲಿಲ್ಲ. ಆ ಪಾಪದವ ತಾನು ಹಿಂದೂ, ಇದೆಲ್ಲ ತನಗೆ ತಿಳಿಯದು ಎಂದರೆ, ನಿನಗೆ ಪಕ್ಷಪಾತ ಇರಲಿಕ್ಕಿಲ್ಲ, ನೀನೇ ತೀರ್ಪು ಹೇಳು ಎಂದು ಗಂಟುಬಿದ್ದರು! ಅವನು ನಮ್ಮನ್ನು ಅಲ್ಲೇ ಇಳಿಸಿ ಹೋದ.

ಕಳೆದ ತಿಂಗಳು ಅತ್ತೆ ಫಳ್ನೀರಿನ ಆಸ್ಪತ್ರೆ ಸೇರಿದರು. ಅವರ ಹೃದಯ ಹುಟ್ಟಿನಿಂದಲೇ ಸರಿಯಿಲ್ಲ. ಮದುವೆಗೆ ಮೊದಲೇ ಡಾಕ್ಟರು ಎಚ್ಚರಿಸಿದ್ದರು, ಮನೆಯವರೆಲ್ಲ ಬೇಡವೆಂದಿದ್ದರು. ಮಾವ ಯಾರ ಮಾತಿಗೂ ಜಗ್ಗಿರಲಿಲ್ಲ. ಇನ್ನು ಮಾಡುವಂಥದ್ದೇನೂ ಉಳಿದಿಲ್ಲ ಎಂದು ಈಗಿನ ಡಾಕ್ಟರು ಹೇಳಿ ಹೋದ ಮೇಲೆ, ಮಾವ ಮಂಚದ ಪಕ್ಕ ಕೂತು ಮಗುವಿನ ಹಾಗೆ ಅತ್ತರು.

"ಎಂತ ಅಳುವುದು ನೀವು?" ಅತ್ತೆಯ ದನಿ ಸರಿಯಾಗಿ ಕೇಳಿಸುವಷ್ಟೂ ಇರಲಿಲ್ಲ. "ಹೀಗಾಗ್ತದೆ ಅಂತ ಮೊದಲೇ ಗೊತ್ತಿರಲಿಲ್ವಾ?"

"ಗೊತ್ತಿತ್ತು ಮಾರಾಯ್ತಿ. ಗೊತ್ತಿದ್ದೇ ಕಟ್ಟಿಕೊಂಡದ್ದು. ಇನ್ನೊಮ್ಮೆ ಆದರೂ ನಿನ್ನನ್ನೇ ಕಟ್ಟಿಕೊಳ್ತೇನೆ. ಗೊತ್ತಿತ್ತು ಅಂತ ನೋವಾಗುವುದಿಲ್ವಾ?"

ಆಡಿದ ಮಾತು ತಮ್ಮ ಕಿವಿಗೇ ಬಿದ್ದು ಮಾವ ತಟ್ಟನೆ ತಲೆಯೆತ್ತಿ ಅತ್ತೆಯ ಮುಖ ನೋಡಿದರು. ಅತ್ತೆ ಸೂಜಿ ಚುಚ್ಚಿದ ಕೈಯಿಂದಲೇ ಅವರ ಕೆನ್ನೆ ಒರೆಸಿದರು.

"ಹಾಗಾದ್ರೆ ಇನ್ನು ದೇವರನ್ನು ಅವನಷ್ಟಕ್ಕೆ ಬಿಡಿ, ಪಾಪ," ಎಂದರು.

ಆ ವಾರವೇ ಅತ್ತೆ ತೀರಿಕೊಂಡರು. ಸಮಾಧಿಯ ಬಳಿ ಮಾವ ಎಲ್ಲರೆದುರು ಬಿಕ್ಕಿ ಬಿಕ್ಕಿ ಅಳುತ್ತಿದ್ದಾಗ ಪಾದ್ರಿಗಳು ಓದುವುದನ್ನು ನಿಲ್ಲಿಸಿ, ಏನನ್ನೂ ವಿವರಿಸದೆ, ಅವರ ಜೊತೆ ತಾವೂ ಅತ್ತರು.