ಟವೆಲಿನಡಿಯ ಮಾತಿನ ಪಾಠ

ತರಬೇತಿಯಿಂದ ಮರಳಿದ ದಿನವೇ ಮನೆಯಲ್ಲಿ ಘೋಷಿಸಿಬಿಟ್ಟೆ: "ಇನ್ಮೇಲೆ ನಾನು ಪಾಠ ಮಾಡಲ್ಲ ಕಣೆ. ಮಕ್ಳೇ ಕಲ್ತ್ಕೊತವೆ!"

ಸೊಪ್ಪು ಬಿಡಿಸುತ್ತಿದ್ದ ಹೆಂಡತಿ ತಲೆ ಎತ್ತದೆ, "ಇಲ್ಲೀಗಂಟ ನಡೀತಿದ್ದಿದ್ದೂ ಅದೇ ಅಲ್ವಾ?" ಎಂದಳು.

ಹಿತ್ತಲ ಗಿಡ ಮದ್ದಲ್ಲ! ತಮಿಳುನಾಡಿನ ಗಡಿಯ ಕೆಲಮಂಗಲದ ಪಕ್ಕದ ಹಳ್ಳಿಯ ಈ ಕನ್ನಡ ಮೇಷ್ಟ್ರ ಬೆಲೆ ಮನೆಯವರಿಗೆ ತಿಳಿಯದಿದ್ದರೇನು? ಮಕ್ಕಳೇ ಧಾರಾಳವಾಗಿ ಮಾತಾಡುವಂತೆ ಮಾಡುವ ನನ್ನ ಮಾದರಿ ಪಾಠವನ್ನು ನೋಡಲು ಶಿಕ್ಷಣ ಇಲಾಖೆಯ ಸಾಹೇಬರೇ ಬರುವವರಿದ್ದರು. ಅವರು ಮೆಚ್ಚಿದರೆ, ಮುಂದಿನ ತರಬೇತಿಯಲ್ಲಿ ಸುತ್ತಲಿನ ಕನ್ನಡ ಮೇಷ್ಟ್ರುಗಳಿಗೆಲ್ಲ ನಾನೇ ಗುರು. ಆ ಪದವಿಗೆಂದು ಹೊಸ ಅಂಗಿಯನ್ನೂ ಹೊಲಿಸಿದ್ದೆ.

"ಕ್ಲಾಸಲ್ಲೇ ಸಂತೆ ಆಟ ಆಡ್ರೋ. ಏನ್ ಮಾರ್ತೀರೋ, ಹೆಂಗ್ ಮಾರ್ತೀರೋ ನಿಮ್ಗೇ ಬಿಟ್ಟಿದ್ದು. ನಾನು ಬಾಯಿ ಹಾಕಲ್ಲ" ಎಂದು ಐದನೇ ತರಗತಿಗೆ ಅಪ್ಪಣೆ ಕೊಟ್ಟೆ. ನನ್ನ ಕಣ್ಣ ಮುಂದೆ ಬದನೆ, ಟೊಮೇಟೊ, ಕೊತ್ತಂಬರಿ. ಕಿವಿ ತುಂಬ ಚೌಕಾಸಿ. ಮಾತೇ ಮಾತು!

ಸಾಹೇಬರು ಬಂದು ಕುಳಿತರು. ಮಕ್ಕಳು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಂದರು. ಅವರ ಹಿಂದೆ ಒಬ್ಬ ಹುಡುಗ ಕೊರಳಿಗೆ ಹಗ್ಗ ಸುತ್ತಿಕೊಂಡು ನಾಲ್ಕು ಕಾಲಲ್ಲಿ ಬಂದ. ರೈತರ ಮಕ್ಕಳು, ದನದ ಸಂತೆ ಕಟ್ಟಿದ್ದರು!

ದನದ ವ್ಯಾಪಾರದಲ್ಲಿ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಪಕ್ಕದವರಿಗೆ ಗೊತ್ತಾಗದಂತೆ ಟವೆಲಿನ ಅಡಿ ಕೈ ಹಿಡಿದು, ಬೆರಳು ಅದುಮಿ ತಿಳಿಸುತ್ತಾರೆ; ಹೆಚ್ಚು ಬೆರಳು ಅದುಮಿದರೆ ಹೆಚ್ಚು ಬೆಲೆ. ಮಕ್ಕಳೂ ಅದನ್ನೇ ಮಾಡಿದರು. ಮಾತಿನ ಪಾಠ ಪರಮ ಮೌನದಲ್ಲಿ ಸಾಗಿತು.

ಸಾಹೇಬರು ಗಡಿಯಾರ ನೋಡಿಕೊಂಡರು. "ಏನಾದ್ರೂ ಮಾತಾಡ್ರೋ!" ಎಂದು ಪಿಸುಗುಟ್ಟಿದೆ.

ದಲ್ಲಾಳಿಯಾಗಿದ್ದ ಮಂಜುಳ ನನ್ನನ್ನೇ ಗದರಿದಳು: "ಸುಮ್ಕಿರಿ ಸಾ! ವ್ಯಾಪಾರ ಕೆಟ್ಟೋಯ್ತದೆ."

ಇನ್ನು ತಡೆಯಲಾಗದೆ ನಾನೇ ಗಿರಾಕಿಯಾಗಿ ನುಗ್ಗಿದೆ. ಟವೆಲಿನಡಿ ಕೈ ತೂರಿಸಿ, ಗಾಬರಿಯಲ್ಲಿ ಸಿಕ್ಕ ಬೆರಳನ್ನೆಲ್ಲ ಅದುಮಿದೆ. ಮಾರುತ್ತಿದ್ದ ಹುಡುಗ ಟವೆಲ್ ಕೊಡವಿ ಕುಣಿದಾಡಿಬಿಟ್ಟ: "ಮೇಷ್ಟ್ರು ಎತ್ತು ತಕ್ಕೊಂಡ್ರು ಕಣ್ಲಾ!"

ಆಗ ನೋಡಿ, ಮಕ್ಕಳಿಗೆ ಮಾತು ಬಂತು!

"ಡಬ್ಬಲ್ ರೇಟು ಕೊಟ್ಬುಟ್ರು ಕಣ್ಲಾ!"

"ಹಲ್ಲೂ ನೋಡ್ಲಿಲ್ಲ, ಮೈಮೇಲಿನ ಸುಳೀನೂ ನೋಡ್ಲಿಲ್ಲ!"

"ಸಾ, ನನ್ ದಲ್ಲಾಳಿ ಕಾಸು!" ಎಂದು ಮಂಜುಳ ಕೈ ಚಾಚಿದಳು. ಕನ್ನಡ ಸಾಲದೆ ತಮಿಳು, ತೆಲುಗಿನಲ್ಲೂ ನನ್ನ ದಡ್ಡತನದ ವರ್ಣನೆ ನಡೆಯಿತು. ಕೊನೆಗೆ ಎತ್ತು ಎದ್ದು ನಿಂತು, ಮಂಡಿಯ ಧೂಳು ಒರೆಸಿಕೊಂಡು ಹೇಳಿತು: "ನಾನ್ ಅಷ್ಟೆಲ್ಲಾ ಬಾಳಲ್ಲ ಸಾ."

ಸಾಹೇಬರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಮಕ್ಕಳು ಚೆನ್ನಾಗಿ ಮಾತಾಡ್ತಾರೆ ಸಾರ್. ಮುಂದಿನ ತರಬೇತಿಗೆ ನೀವು ಬರಲೇಬೇಕು" ಎಂದು ನನ್ನ ಹೆಸರು ಬರೆದುಕೊಂಡು ಹೊರಟರು.

ಸಂಜೆ ಎದೆಯುಬ್ಬಿಸಿ ಮನೆಗೆ ಬಂದೆ. "ನೋಡ್ದಾ? ಮುಂದಿನ ಟ್ರೈನಿಂಗಿಗೆ ನನ್ನನ್ನೇ ಆರಿಸವ್ರೆ!"

ಹೆಂಡತಿಯ ಮುಖ ನಿಜಕ್ಕೂ ಅರಳಿತು. "ಹೌದಾ? ಹೇಳ್ಕೊಡಾಕಾ?"

ನಾನು ಹೊಸ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದೆ.

"ಇಲ್ಲ ಕಣೆ. ಹೇಳಿಸ್ಕೊಳ್ಳಾಕೆ!"